ಗಡ್ಡ ಬೋಳಿಸಿದ ಅಣಬೆ

ಮಾರುಕಟ್ಟೆಯ ಬಾಗಿಲಲ್ಲಿ ತಗಡಿನ ಮೇಜು ಹಾಕಿಕೊಂಡು ಅಣಬೆ ಪರೀಕ್ಷಿಸುವ ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ. ಇಪ್ಪತ್ತಾರು ವರ್ಷಗಳಲ್ಲಿ ಅವಳ ಮುದ್ರೆ ಬಿದ್ದ ಬುಟ್ಟಿಯಿಂದ ಒಬ್ಬರಿಗೂ ಹೊಟ್ಟೆ ಕೆಟ್ಟಿಲ್ಲ.

ಅವಳ ತಲೆ ತಿನ್ನುವುದು ಹಾಲಣಬೆಗಳು, ಅಂದರೆ ಮುರಿದರೆ ಹಾಲು ಸುರಿಸುವಂಥವು. ಅವುಗಳಲ್ಲಿ ಇಬ್ಬರು ದಾಯಾದಿಗಳಿದ್ದಾರೆ. ಇಬ್ಬರ ಕೊಡೆಯ ಮೇಲೂ ಉಂಗುರ ಉಂಗುರದ ಗೆರೆ, ಇಬ್ಬರದೂ ಕೆಂಪು ಬೆರೆತ ಮೈಬಣ್ಣ. ಒಂದರ ಹಾಲು ಕ್ಯಾರೆಟ್ ರಸದಂತೆ, ಅಂಚು ನುಣುಪು, ಗಾಯವಾದ ಕಡೆ ಹಸಿರು ಕಲೆ. ಹುರಿದರೆ ಬಾಯಲ್ಲಿ ನೀರೂರುತ್ತದೆ. ಇನ್ನೊಂದರ ಹಾಲು ಬೆಳ್ಳಗೆ, ಅಂಚಿನ ಸುತ್ತ ಉಣ್ಣೆಯಂಥ ಗಡ್ಡ; ತಿಂದರೆ ಕರುಳು ಕಿತ್ತು ಬರುತ್ತದೆ.

ಆ ಬೆಳಿಗ್ಗೆ ಅವಳ ಸ್ವಂತ ತಮ್ಮನೇ ಎರಡು ಬುಟ್ಟಿ ತಂದಿಟ್ಟ. ಹುಡುಗಿಯರ ಹಾಸ್ಟೆಲಿನ ಅಡುಗೆಮನೆಗೆ ಹೋಗಬೇಕಾದ ಮಾಲು.

"ಬೇಗ ಮುದ್ರೆ ಒತ್ತಕ್ಕ, ಅಡುಗೆಯವ್ರು ಕಾಯ್ತಿದಾರೆ."

ಅವಳು ಒಂದನ್ನು ಮುರಿದಳು. ಹಾಲೇ ಬರಲಿಲ್ಲ.

"ವಾರದಿಂದ ಒಣಗಾಳಿ ಅಲ್ವಾ, ಎಲ್ಲ ಇಂಗೋಗಿದೆ" ಎಂದ ತಮ್ಮ.

ಒಣಗಾಳಿಗೆ ಹಾಗಾಗುವುದುಂಟು. ಆದರೆ ಇಡೀ ಬುಟ್ಟಿಯಲ್ಲಿ ಹಸಿರು ಕಲೆ ಎಳ್ಳಷ್ಟೂ ಇರಲಿಲ್ಲ. ಅಂಚುಗಳಂತೂ ಎಲ್ಲದರದೂ ಒಂದೇ ಸಮ.

"ಏನೋ, ಇವೆಲ್ಲ ಕ್ಷೌರದಂಗಡಿಗೆ ಹೋಗಿ ಬಂದ್ವಾ? ನಿನ್ನ ಚಾಕು ಕೊಡಿಲ್ಲಿ."

ಅವನು ತಡವರಿಸುತ್ತ ಕೊಟ್ಟ. ಅವನನ್ನು ಮೊದಲ ಸಲ ಕಾಡಿಗೆ ಕರೆದೊಯ್ದ ದಿನ ಅವಳೇ ಕೊಡಿಸಿದ ಮಡಚುಚಾಕು ಅದು. ಮಡಿಕೆಯ ಸಂದಿಯಲ್ಲಿ ಬಿಳಿ ನಾರು ಸಿಕ್ಕಿಕೊಂಡಿತ್ತು. ಅವಳ ಮೈಯೆಲ್ಲ ಉರಿದುಹೋಯಿತು. ಗಡ್ಡ ನೋಡಿ ಗುರುತು ಹಿಡಿ ಎಂದು ಇವನಿಗೆ ಕಲಿಸಿದವಳು ಅವಳೇ. ಕಲಿತ ಪಾಠಕ್ಕೆ ಈ ಕಟುಕ ಕತ್ತಿ ಹಾಕಿದ್ದ.

ಅವಳು ಒಂದು ಚೂರು ಕಿತ್ತು ನಾಲಿಗೆಯ ತುದಿಗೆ ತಾಗಿಸಿದಳು. ಮೆಣಸಿನಕಾಯಿಯಂತೆ ಸುಟ್ಟಿತು. ಥೂ ಎಂದು ಉಗಿದು, ಇನ್ನೊಂದು ಚೂರನ್ನು ಅವನ ಮುಂದೆ ಹಿಡಿದಳು.

"ತಗೋ, ನೀನೂ ತಾಗಿಸು."

ಅವನು ಕೈ ಹಿಂದಕ್ಕೆಳೆದುಕೊಂಡ.

"ನೀನು ತಾಗಿಸೋದೂ ಇಲ್ಲ, ಆ ಹುಡುಗೀರು ಮಾತ್ರ ತಟ್ಟೆ ತುಂಬ ತಿನ್ಬೇಕು. ಅಲ್ವಾ?"

"ಬೇಯ್ಸಿದ್ರೆ ಹೋಗುತ್ತೆ ಅಂದ್ಕೊಂಡೆ. ಈ ಸಲ ಒಳ್ಳೇದು ಸಿಗ್ಲೇ ಇಲ್ಲ. ನೀನು ವರದಿ ಬರೆದ್ರೆ ನನ್ನ ಲೈಸೆನ್ಸ್ ಹೋಗುತ್ತೆ, ಅಂಗಡಿ ಮುಚ್ಚಬೇಕು. ನಾನು ನಿನ್ನ ತಮ್ಮ ಅಲ್ವಾ ಅಕ್ಕ?"

"ತಮ್ಮ ಅಂತಾನೇ ನನ್ನ ಕಣ್ಣಿಗೆ ಮಣ್ಣೆರಚೋಕೆ ಬಂದ್ಯಾ?"

ಎರಡೂ ಬುಟ್ಟಿಗಳನ್ನು ಎತ್ತಿ, ಕೆಟ್ಟ ಮಾಲಿಗೆಂದೇ ಇಟ್ಟಿದ್ದ ಫಿನಾಯಿಲ್ ಡ್ರಮ್ಮಿಗೆ ಸುರಿದಳು. ಚಾಕುವನ್ನು ಮೇಜಿನ ಡ್ರಾಯರಿಗೆ ಹಾಕಿ ಬೀಗ ಜಡಿದಳು. ಆಮೇಲೆ ತಿರಸ್ಕರಿಸಿದ ಮಾಲಿನ ವರದಿಯ ಹಾಳೆ ತೆಗೆದಳು. ಪರೀಕ್ಷಕರಿಗೂ ಮಾರುವವರಿಗೂ ಇರುವ ಸಂಬಂಧ ಎಂದು ಅದರಲ್ಲೊಂದು ಜಾಗವಿತ್ತು. ಇಷ್ಟು ವರ್ಷ ಅಲ್ಲಿ ಬರೀ ಗೀಟು ಎಳೆದಿದ್ದಳು. ಈಗ ತಮ್ಮ ಎಂದು ಬರೆಯಹೊರಟಾಗ ಪೆನ್ನು ಒತ್ತಿದ ಬಿರುಸಿಗೆ ಹಾಳೆ ಹರಿಯಿತು.

ಅವನು ಇನ್ನೂ ಅಲ್ಲೇ ನಿಂತಿದ್ದ. ಅವಳು ಹೊಸ ಹಾಳೆ ತೆಗೆದುಕೊಂಡು ಮತ್ತೆ ಅದನ್ನೇ ಬರೆದಳು.