ಗಾರ್ಡ್ ಕಾಕಾ ತೂಗಿದ ಕಾಡು

ಕಳೆದ ತಿಂಗಳು ಬಾಗಲಕೋಟೆಯ ಒಂದು ಬೇಕರಿಯಲ್ಲಿ ಮೊಮ್ಮಗಳಿಗೆಂದು ಟೋಸ್ಟ್ ಕೊಳ್ಳುತ್ತ ನಿಂತಿದ್ದೆ. ಒಳಗೆ ಭಟ್ಟಿಗೆ ಹಸಿ ಕಟ್ಟಿಗೆ ಹಾಕಿದ್ದರೇನೋ, ಬ್ರೆಡ್ಡಿನ ಪರಿಮಳದ ನಡುವೆ ತೊಗಟೆ ಬೇಯುವ ಒಗರು ವಾಸನೆ ಮೂಗಿಗೆ ಬಡಿಯಿತು. ಚಿಲ್ಲರೆ ತೆಗೆದುಕೊಳ್ಳುವುದನ್ನೂ ಮರೆತು ನಿಂತೆ. ಬಾದಾಮಿಯ ಬೇಕರಿಯೊಂದರ ಹಿತ್ತಲಲ್ಲಿ ಇದೇ ವಾಸನೆಯ ಮುಂದೆ ನಾನು ಮತ್ತು ಗಾರ್ಡ್ ಕಾಕಾ ಎಷ್ಟು ಮಧ್ಯಾಹ್ನ ಕೂತಿದ್ದೆವೋ...

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಇಳಕಲ್ಲಿನ ನೇಕಾರರ ಮನೆಯ ಹುಡುಗಿ. ಬಿ.ಎಸ್ಸಿ. ಮುಗಿಸಿ, ಕಾಡಿನ ತೂಕ ಲೆಕ್ಕ ಹಾಕುವ ಒಂದು ಯೋಜನೆಯಲ್ಲಿ ಹಂಗಾಮಿ ಸಹಾಯಕಿಯಾಗಿ ಸೇರಿದ್ದೆ. ಉಪಗ್ರಹದಿಂದ ರಡಾರ್ ಅಲೆಗಳನ್ನು ಬಿಟ್ಟು, ನೆಲಕ್ಕೆ ಬಡಿದು ಮರಳುವ ಅಲೆಗಳಿಂದ ಚಿತ್ರ ಮಾಡುತ್ತಾರೆ. ಗಿಡಮರ ದಟ್ಟವಾಗಿದ್ದಲ್ಲಿ ಚಿತ್ರ ಬೆಳ್ಳಗೆ ಹೊಳೆಯುತ್ತದೆ, ಬಯಲು ಕಪ್ಪಾಗಿ ಕಾಣುತ್ತದೆ. ಎಷ್ಟು ಹೊಳಪಿಗೆ ಎಷ್ಟು ಕಟ್ಟಿಗೆ ಎಂದು ಗೊತ್ತಾಗಬೇಕಾದರೆ ಮೊದಲು ಒಂದಿಷ್ಟು ಕಾಡನ್ನು ಬುಡಕ್ಕೆ ಕಡಿದು ತೂಗಿ ನೋಡಬೇಕು. ಆ ಕೆಲಸಕ್ಕೆ ಯೋಜನೆಯ ಮುಖ್ಯಸ್ಥರಾದ ನಮ್ಮ ಸಾಹೇಬರು ಆರಿಸಿದ್ದು ಮಹಾಕೂಟದ ಕಡೆಯ ಒಂದು ಕಣಿವೆ. ಅದನ್ನು ಕಾಯುತ್ತಿದ್ದ ಅರಣ್ಯ ಇಲಾಖೆಯ ಗಾರ್ಡೇ ಕಾಕಾ.

ಖಾಕಿ ಅಂಗಿ, ಹಿಮ್ಮಡಿ ಸವೆದ ಚಪ್ಪಲಿ, ಹೆಗಲಿಗೆ ನೀರಿನ ತತ್ರಾಣಿ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಸುತ್ತಲಿನ ಗುಡ್ಡಗಳೆಲ್ಲ ಬೋಳಾದರೂ ಆ ಕಣಿವೆಯ ಕಮರ, ದಿಂಡಿಗದ ಗಿಡಗಳು ಉಳಿದದ್ದು ಅವರೊಬ್ಬರ ಹಟದಿಂದ. ಉರವಲಿಗೆ ಬಂದ ಹೆಂಗಸರ ಕುಡಗೋಲು ಕಸಿದುಕೊಂಡು ಕಳಿಸಿದವರು. ಊರಲ್ಲಿ ಅವರ ಬಗ್ಗೆ ಒಳ್ಳೆಯ ಮಾತಾಡುವವರು ಕಡಿಮೆ.

ಕಡಿಯುವ ಅಪ್ಪಣೆಯನ್ನು ಆಗಿನ ಅರಣ್ಯ ಅಧಿಕಾರಿ ಬಾಯಿಮಾತಿನಲ್ಲೇ ಕೊಟ್ಟಿದ್ದರು. ಕಾಗದ ಆಮೇಲೆ ಕಳಿಸುತ್ತೇನೆ ಎಂದಿದ್ದರಂತೆ. ಮೊದಲ ದಿನ ಕಾಕಾ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು.

"ಯವ್ವಾ, ಇಷ್ಟ ಕಡದ್ರ ಉಳಿದದ್ದು ಉಳೀತೈತೇನು?"

"ಉಳೀತೈತಿ ಕಾಕಾ. ಇಲ್ಲಿ ಎಷ್ಟು ಕಾಡೈತಿ ಅಂತ ಎಲ್ಲಾರಿಗೂ ಗೊತ್ತಾಗ್ತೈತಿ."

ಅವರು ನಂಬಿದರು. ನಾನೂ ನಂಬಿದ್ದೆ.

ಕಣಿವೆಯ ನಾಲ್ಕು ಕಡೆ ಹಗ್ಗ ಹಿಡಿದು ಒಂದೊಂದು ಚೌಕ ಮಾಡಿ, ಒಳಗಿನ ಗಿಡಗಳನ್ನೆಲ್ಲ ಉರುಳಿಸಿದೆವು. ಕಾಂಡ ಬೇರೆ, ಟೊಂಗೆ ಬೇರೆ, ಎಲೆ ಬೇರೆ. ಹುನಗುಂದದ ಕಾಳಿನ ಅಡತಿ ಅಂಗಡಿಯಿಂದ ತಂದ ದೊಡ್ಡ ತಕ್ಕಡಿಯನ್ನು ಮೂರು ಬೊಂಬಿಗೆ ಕಟ್ಟಿ ತೂಗಿದೆವು. ಕಾಕಾ ತೂಕ ಕೂಗಿ ಹೇಳುತ್ತಿದ್ದರು, ನಾನು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ. ಅವರು ಕಾದು ಬೆಳೆಸಿದ ದಿಂಡಿಗವೊಂದು ಬಿದ್ದಾಗ ದನಿ ಮಾತ್ರ ಸ್ವಲ್ಪ ತಗ್ಗಿತು. ದೂರದಲ್ಲಿ ನಿಂತು ನೋಡುತ್ತಿದ್ದ ಹೆಂಗಸರಲ್ಲಿ ಒಬ್ಬ ಮುದುಕಿ ಹತ್ತಿರ ಬಂದಳು.

"ನನ್ನ ಕುಡಗೋಲು ಕಸಗೊಂಡಾಂವ ನೀನ. ಈಗ ನೀನ ನಿಂತು ಕಡಸಾಕ್ಹತ್ತೀಯಲ್ಲ."

"ಸರಕಾರದ ಕೆಲಸ ಐತಬೇ," ಎಂದರು ಕಾಕಾ. ಆಕೆ ಅವರ ಕಾಲ ಬಳಿ ಉಗುಳಿ ಹೋದಳು.

ಹಸಿ ತೂಕ ಸಾಲದು, ಒಣ ತೂಕ ಬೇಕು. ನಮ್ಮಲ್ಲಿ ಒಣಗಿಸುವ ಯಂತ್ರ ಇರಲಿಲ್ಲ. ಹಾಗಾಗಿ ಕಾಂಡದ ಬಿಲ್ಲೆಗಳನ್ನು ಕೊಯ್ದು ಚೀಲಕ್ಕೆ ತುಂಬಿ, ಬ್ರೆಡ್ಡು ಇಳಿಸಿದ ಮೇಲೆ ಬೇಕರಿಯ ಭಟ್ಟಿಯಲ್ಲಿಡುತ್ತಿದ್ದೆವು. ತೂಕ ಇಳಿಯುವುದು ನಿಲ್ಲುವವರೆಗೆ ದಿನವೂ ತೆಗೆದು ತೂಗಬೇಕು. ಚೀಲ ಹೊತ್ತು ತರುವುದು ನಿಮ್ಮ ಕೆಲಸವಲ್ಲ ಎಂದರೂ ಕಾಕಾ ಕೇಳುತ್ತಿರಲಿಲ್ಲ. ಅವರ ಬುತ್ತಿಯ ರೊಟ್ಟಿಯಲ್ಲಿ ಅರ್ಧ ನನಗೆ. ನನ್ನ ಅಪ್ಪನಿಗೂ ಅಷ್ಟು ಹೊತ್ತು ನನ್ನೊಡನೆ ಕೂತು ಗೊತ್ತಿರಲಿಲ್ಲ.

ಏಳೆಂಟು ತಿಂಗಳ ಮೇಲೆ ರಡಾರ್ ಚಿತ್ರ ಬಂತು. ಮೇಜಿನ ಮೇಲೆ ಹರಡಿ ನೋಡಿದೆ. ಒಂದು ಕಡ್ಡಿಯೂ ಇಲ್ಲದ ಕಲ್ಲುಗುಡ್ಡ ಬೆಳ್ಳಗೆ ಹೊಳೆಯುತ್ತಿತ್ತು. ಕಾಕಾನ ಕಣಿವೆ ಮಂಕಾಗಿ, ಬಯಲಿನಂತೆ ಬಿದ್ದಿತ್ತು. ಉಪಗ್ರಹಕ್ಕೆ ಎದುರಾಗಿ ನಿಂತ ಬಂಡೆ ಅಲೆಗಳನ್ನು ಹಾಗೇ ಹಿಂದಕ್ಕೆ ಎಸೆಯುತ್ತದೆ, ಗುಡ್ಡದ ಮರೆಯ ಕಣಿವೆಗೆ ಅಲೆ ಸರಿಯಾಗಿ ತಾಕುವುದೇ ಇಲ್ಲ. ಸಾಹೇಬರು ಒಂದೇ ದಿನದಲ್ಲಿ ಇದನ್ನು ಕಂಡುಹಿಡಿದರು. ನನಗೂ ತಿಳಿಸಿ ಹೇಳಿದರು, ಇಲಾಖೆಗೆ ಮಾತ್ರ ಬರೆದಿರಲಿಲ್ಲ.

ಅಷ್ಟರಲ್ಲಿ ಹಳೆಯ ಅಧಿಕಾರಿ ಆ ಕಾಗದ ಕಳಿಸದೆಯೇ ವರ್ಗವಾಗಿ ಹೊಸಬರು ಬಂದಿದ್ದರು. ಅವರು ಚಿತ್ರ ನೋಡಿ, ದಟ್ಟ ಕಾಡು ಎಂದು ವರ್ಷವರ್ಷ ವರದಿ ಬರೆದ ಗಾರ್ಡ್ ಯಾರು ಎಂದು ಕೇಳಿದರು. ತಾವೇ ಕಣಿವೆಗೆ ಹೋದರು. ಅಲ್ಲಿ ಅವರಿಗೆ ಸಿಕ್ಕಿದ್ದು ನಾಲ್ಕು ಚೌಕಗಳ ತುಂಬ ಕೊಡಲಿ ಬಿದ್ದ ಬುಡಗಳು.

ಕಾಕಾನನ್ನು ಕಚೇರಿಗೆ ಕರೆಸಿದರು. ಸಾಹೇಬರೂ ಇದ್ದರು, ನಾನೂ ಇದ್ದೆ. ಗಿಡ ಕಡಿಸಿ ಮಾರಿದ್ದೀಯ ಎಂದು ಅಧಿಕಾರಿ ಎಲ್ಲರೆದುರು ಅಂದರು. ಕಾಕಾ ಗಾಬರಿಯಾಗಲಿಲ್ಲ. ಮುಗುಳ್ನಗುತ್ತಲೇ ನನ್ನ ಕಡೆ ತಿರುಗಿದರು.

"ಯವ್ವಾ, ಹೇಳ. ನೀನ ಬರಕೊಂಡೀಯಲ್ಲ."

ನಾನು ಸಾಹೇಬರ ಮುಖ ನೋಡಿದೆ. ಲಿಖಿತ ಅಪ್ಪಣೆ ಇಲ್ಲದೆ ಕಡಿದೆವೆಂದು ಒಪ್ಪಿದರೆ ಯೋಜನೆಯೇ ಮುಚ್ಚುತ್ತಿತ್ತು. ಅವರು ಕಿಟಕಿಯ ಆಚೆ ನೋಡುತ್ತಿದ್ದರು.

"ನನಗ ಗೊತ್ತಿಲ್ರಿ," ಎಂದೆ.

ಅಪ್ಪನ ಮಗ್ಗ ನಿಂತಿತ್ತು, ಮನೆ ನನ್ನ ಸಂಬಳದ ಮೇಲಿತ್ತು ಎಂದೆಲ್ಲ ಆಮೇಲೆ ಬಹಳ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆ ಗಳಿಗೆಯಲ್ಲಿ ಅದ್ಯಾವುದೂ ನೆನಪಿಗೆ ಬಂದಿರಲಿಲ್ಲ. ಹೆದರಿದ್ದೆ, ಅಷ್ಟೇ. ಕಾಕಾನ ನಗು ತಕ್ಷಣ ಹೋಗಲಿಲ್ಲ. ನಾನು ಇನ್ನೂ ಏನೋ ಹೇಳುವವಳಿದ್ದೇನೆ ಎಂಬಂತೆ ಸ್ವಲ್ಪ ಹೊತ್ತು ಹಾಗೇ ಉಳಿದಿತ್ತು...

ಖಾಕಿ ಬಿಚ್ಚಿಸಿದರು. ವಿಚಾರಣೆ ನಡೆಯಿತು, ಕೆಲಸ ಹೋಯಿತು, ಪಿಂಚಣಿಯೂ ಹೋಯಿತು. ಅವರು ಇಲ್ಲದ ಕಣಿವೆಗೆ ಆ ಬೇಸಿಗೆಯಲ್ಲೇ ಕೊಡಲಿ ಬಿತ್ತು. ಎರಡು ವರ್ಷದಲ್ಲಿ ಅಲ್ಲಿ ತೂಗಲು ಏನೂ ಉಳಿಯಲಿಲ್ಲ. ಎಲ್ಲಿ ಕಡಿದು ತೂಗಿದ್ದೆಂದು ಹೇಳದೆ ನಮ್ಮ ವರದಿ ಮಾತ್ರ ಅಚ್ಚಾಯಿತು. ಕಲ್ಲುಗುಡ್ಡಗಳಿರುವ ಸೀಮೆಯಲ್ಲಿ ರಡಾರಿನ ಹೊಳಪನ್ನು ಕಾಡೆಂದು ತಿಳಿಯಬಾರದು ಎಂದು ಅದರಲ್ಲಿ ಒಂದು ವಾಕ್ಯವಿತ್ತು. ಕೆಳಗೆ ನನ್ನ ಹೆಸರೂ ಇತ್ತು.

ಒಮ್ಮೆ ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಕಾಕಾ ಎದುರಾದರು. ಅಡತಿ ಅಂಗಡಿಯಲ್ಲಿ ಚೀಲ ಹೊಲಿಯುತ್ತಿದ್ದರಂತೆ. ನಾನು ತಪ್ಪಿಸಿಕೊಳ್ಳುವ ಮೊದಲೇ ನೋಡಿಬಿಟ್ಟರು.

"ಆರಾಮ ಅದೀರೇನ್ರಿ ಅಕ್ಕಾರ?"

ಯವ್ವಾ ಎನ್ನುತ್ತಿದ್ದ ಬಾಯಿ ಅದು.

"ನೀವು ಹೇಳಿದ್ರ ನಿಮ್ಮ ನೌಕರಿ ಹೋಗ್ತಿತ್ತು. ನನಗ ತಿಳೀತೈತ್ರಿ," ಎಂದರು. ಬಸ್ಸು ಬಂತು. ಹತ್ತುವ ಮೊದಲು ತಿರುಗಿ, "ಸುಮ್ಮನ ಇದ್ದಿದ್ರ ಸಾಕಾಗಿತ್ರಿ. ಗೊತ್ತಿಲ್ಲ ಅನ್ನಬಾರದಿತ್ತು," ಎಂದರು. ಆಮೇಲೆ ಅವರನ್ನು ನಾನು ನೋಡಲಿಲ್ಲ.

ಬೇಕರಿಯಿಂದ ಬಂದ ಮೂರನೆಯ ದಿನ, ಟ್ರಂಕಿನಲ್ಲಿದ್ದ ರಿಜಿಸ್ಟರು ಹಿಡಿದು ಬೇವೂರಿಗೆ ಹೋದೆ. ಅಲ್ಲಿ ಕಾಕಾನ ಮಗಳಿದ್ದಾಳೆ. ಕಾಕಾ ತೀರಿ ಬಹಳ ವರ್ಷಗಳಾದವು ಎಂದಳು. ಕೊನೆಯವರೆಗೂ ಊರವರು ಅವರನ್ನು ಗಿಡ ಮಾರಿದಾತ ಎಂದೇ ಕರೆದರಂತೆ. ನಾನು ಎಲ್ಲವನ್ನೂ ಹೇಳಿದೆ. ಗಿಡಗಿಡದ ತೂಕ, ಪುಟಪುಟಕ್ಕೂ ಸಾಕ್ಷಿಯಾಗಿ ಅವರದೇ ಸಹಿ ಇರುವ ಹಾಳೆಗಳನ್ನು ತೆರೆದು ತೋರಿಸಿದೆ.

ಆಕೆ ಅಪ್ಪನ ಸಹಿಯ ಮೇಲೆ ಒಮ್ಮೆ ಬೆರಳಾಡಿಸಿದಳು. ಆಮೇಲೆ ರಿಜಿಸ್ಟರು ಮುಚ್ಚಿ ನನ್ನ ಮಡಿಲಲ್ಲಿ ಇಟ್ಟಳು.

"ಇದನ್ನ ಈಗ ಯಾರಿಗೆ ತೋರಸ್ಲ್ರಿ? ನೀವ ಇಟ್ಕೋರಿ."

ಚಹಾ ಕುಡಿದು ಹೋಗಿರೆಂದು ಆಕೆ ಹೇಳಲಿಲ್ಲ. ನಾನೂ ಕೂತಿರಲಾಗದೆ ಎದ್ದು ಬಂದೆ.