ಹಂದಿಕೊಲ್ಲಿಯೂ ಚೇಚಿಯ ಕಪ್ಪವೂ

ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ವಯನಾಡಿಗೆ ಬಂದ ಹೊಸತರಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ಆನೆಯಲ್ಲ, ಊರಿನ ಹೆಸರುಗಳು. ಮುಳ್ಳನ್‌ಕೊಲ್ಲಿ, ಆ ಕೊಲ್ಲಿ, ಈ ಕೊಲ್ಲಿ. ಎಲ್ಲಿ ನೋಡಿದರೂ ಯಾರೋ ಯಾರನ್ನೋ ಕೊಲ್ಲಲು ಹೇಳುತ್ತಿರುವ ಹಾಗೆ. ನೀರು ಹರಿಯುವ ತಗ್ಗಿಗೆ ಇಲ್ಲಿ ಕೊಲ್ಲಿ ಎನ್ನುತ್ತಾರೆಂದು ಅತ್ತೆ ತಿಳಿಸಿದರು. ಆದರೂ ನಮ್ಮ ಕಾಫಿ ತೋಟದ ಕೆಳಗಿನ ಜೌಗಿಗೆ ಹಂದಿಕೊಲ್ಲಿ ಎಂಬ ಹೆಸರಿದೆ ಎಂದಾಗ ನಗು ತಡೆಯಲಾಗಲಿಲ್ಲ. ನನ್ನ ಕಿವಿಗೆ ಅದು ಹೆಸರಲ್ಲ, ಅಪ್ಪಣೆ.

"ಹಂದಿ ನೀರು ಕುಡಿಯಕ್ಕೆ ಬತ್ತಿದ್ದೊ, ಅದ್ಕೇ ಹಂದಿಕೊಲ್ಲಿ. ನಗಾಡಕ್ಕೆ ಏನದೆ ಅದ್ರಲ್ಲಿ?" ಎಂದು ಅತ್ತೆ ಮುಖ ತಿರುಗಿಸಿದ್ದರು.

ಕೆಲವು ವರ್ಷಗಳ ಹಿಂದೆ, ಸ್ವಂತ ಜಮೀನಿನಲ್ಲಿ ಕಾಡುಪ್ರಾಣಿಗಳಿಗೆ ಜಾಗ ಬಿಡುವವರಿಗೆ ಸಹಾಯಧನ ಕೊಡುವ ಯೋಜನೆಯೊಂದು ನಮ್ಮ ಕಡೆಗೂ ಬಂತು. ಜೌಗನ್ನು ಶುಂಠಿಗಾಗಿ ಬತ್ತಿಸಬಾರದು. ಹೊರಗಿನಿಂದ ಬಂದು ಸಿಕ್ಕಸಿಕ್ಕಲ್ಲಿ ಹಬ್ಬಿರುವ ಮಂಜಕೊನ್ನ ಮರಗಳನ್ನು ಕಿತ್ತು ಅತ್ತಿ, ನೇರಳೆ, ಬಿದಿರು ನೆಡಬೇಕು. ಇವೆಲ್ಲ ಸರಿ. ಅದರ ಜೊತೆಗೇ, ಬೆಳೆ ಹಾಳುಮಾಡುವ ಕಾಡುಹಂದಿ ಹೊಡೆಯಲು ಪಂಚಾಯಿತಿ ನೇಮಿಸಿದ ಬಂದೂಕಿನವರು ಬಂದರೆ, ಅವರು ಒಳಗೆ ಹೋಗಲು ಒಂದು ದಾರಿಯನ್ನೂ ಬಿಟ್ಟಿರಬೇಕಂತೆ. ನಮ್ಮ ಒಪ್ಪಿಗೆ ಕೇಳಿಯೇ ಬರುತ್ತಾರಂತೆ. ನೆಂಟರನ್ನು ಊಟಕ್ಕೆ ಕರೆದು ಬಾಗಿಲ ಮರೆಯಲ್ಲಿ ದೊಣ್ಣೆ ಹಿಡಿದವನನ್ನು ನಿಲ್ಲಿಸಿದ ಹಾಗಾಯಿತಲ್ಲ!

"ಇದು ಹಂದಿಗಳಿಗೆ ಗೊತ್ತಾ ಸಾರ್?" ಎಂದು ಯೋಜನೆಯ ಅಧಿಕಾರಿಯನ್ನು ಕೇಳಿದೆ. ಅವರು ನಕ್ಕು, ಸಹಿ ಹಾಕುವ ಕಾಗದವನ್ನು ನನ್ನ ಮುಂದೆ ಸರಿಸಿದರು.

ಆದರೂ ಒಪ್ಪಿಕೊಂಡೆ. ಹಣ ಬೇಡವಾಗಿತ್ತು ಅಂತಲ್ಲ, ಆದರೆ ಬಿಟ್ಟ ನೆಲ ತನ್ನಷ್ಟಕ್ಕೆ ಏನು ಮಾಡಿಕೊಳ್ಳುತ್ತದೆ ಎಂದು ನೋಡುವ ಆಸೆ ಅದಕ್ಕಿಂತ ದೊಡ್ಡದಿತ್ತು. ಮಂಜಕೊನ್ನ ಹೋದ ಕಡೆ ಮೊದಲು ಹುಲ್ಲು ಬಂತು. ಬೇಸಿಗೆಯಲ್ಲಿ ಬತ್ತುತ್ತಿದ್ದ ಒರತೆ ಆ ವರ್ಷ ಜಿನುಗುತ್ತಲೇ ಇತ್ತು. ಕಾಡುಕೋಳಿ ಬಂತು. ಒಂದು ದಿನ ಕಲ್ಲಿನ ಮೇಲೆ ಏಡಿಯ ಚಿಪ್ಪು ತುಂಬಿದ ಹಿಕ್ಕೆ ಕಂಡು, ಇದು ನೀರುನಾಯಿಯದೇ ಇರಬೇಕೆಂದು ಮನೆಗೆ ಓಡಿಬಂದು ಎಲ್ಲರಿಗೂ ಹೇಳಿದೆ. ಯಾರೂ ತಲೆ ಎತ್ತಿ ನೋಡಲಿಲ್ಲ. ಬೆಳಗಾದರೆ ಕೆಸರಿನಲ್ಲಿ ಯಾರ ಹೆಜ್ಜೆ ಎಂದು ನೋಡುವುದೇ ನನ್ನ ಕೆಲಸವಾಯಿತು. "ಹಾಲು ಉಕ್ಕೋದ್ರೂ ಪರವಾಗಿಲ್ಲ, ಇವಳು ಹಂದಿ ಹೆಜ್ಜೆ ನೋಡ್ಬೇಕು," ಎಂದು ಅತ್ತೆ ಗೊಣಗುತ್ತಿದ್ದರು.

ಹಂದಿಗಳು ಬಂದವು. ಬರದೆ ಇರುತ್ತವೆಯೇ? ಹಗಲು ನಮ್ಮ ಕೊಲ್ಲಿಯ ನೆರಳಿನಲ್ಲಿ ಮಲಗಿ, ಕತ್ತಲಾದ ಮೇಲೆ ಆಚೆ ದಡ ಹತ್ತಿ ಚೇಚಿಯ ಹೊಲಕ್ಕೆ ಹೋಗುತ್ತಿದ್ದವು.

ಚೇಚಿ ನಮ್ಮ ನೆರೆಯವರು, ನನಗಿಂತ ಹಿರಿಯರು; ಮಲಯಾಳದಲ್ಲಿ ಅಕ್ಕನಿಗೆ ಚೇಚಿ ಎನ್ನುತ್ತಾರೆ. ಮಲಯಾಳಿಯಾದರೂ ಅತ್ತೆಯ ಜೊತೆ ಆಡಿ ಆಡಿ ಒಂಥರಾ ಕನ್ನಡ ಕಲಿತಿದ್ದರು. ಮರಗೆಣಸಿಗೆ ಇಲ್ಲಿ ಕಪ್ಪ ಎನ್ನುತ್ತಾರೆ. ಚೇಚಿಯ ಕಪ್ಪ ಬೆಂದರೆ ಬೆಣ್ಣೆಯಂತಾಗುತ್ತಿತ್ತು. ಪ್ರತಿ ವರ್ಷ ಮೊದಲು ಕಿತ್ತ ಬುಟ್ಟಿ ನಮ್ಮ ಮನೆಗೇ ಬರುತ್ತಿತ್ತು, ಜೊತೆಗೆ ಕಾಂತಾರಿ ಮೆಣಸಿನ ಚಟ್ನಿ. ಅಂಥ ಹೊಲವನ್ನು ಹಂದಿಗಳು ಉತ್ತು ಹಾಕುತ್ತಿದ್ದರೂ ಅವರು ನನ್ನ ಜೊತೆ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ನಿನ್ನ ನೆಂಟ್ರು ಇವತ್ತೂ ಬಂದಿದ್ರು ಮೋಳೇ," ಎಂದು ಮಗಳನ್ನು ಕರೆದಂತೆ ಕರೆದು ಹೇಳುತ್ತಿದ್ದರು ಅಷ್ಟೆ. ಒಮ್ಮೆ ಮಾತ್ರ ಬೇಲಿಯ ಬಳಿ ನಿಂತು ನೇರವಾಗಿಯೇ ಹೇಳಿದರು: "ಬಂದೂಕಿನವರಿಗೆ ಒಪ್ಪಿಗೆ ಕೊಡು. ಈ ಸಲವೂ ಹೋದ್ರೆ ಇನ್ನು ನಾನು ಕಪ್ಪ ನೆಡೋದಿಲ್ಲ. ಮತಿಯಾಯಿ, ಸಾಕಾಯ್ತು ನಂಗೆ."

ನೋಡೋಣ ಚೇಚಿ ಎಂದೆ. ಒಪ್ಪಲೂ ಮನಸ್ಸಿಲ್ಲ, ಇಲ್ಲ ಎನ್ನಲೂ ಬಾಯಿಲ್ಲ.

ಒಪ್ಪಿಗೆ ಕೊಟ್ಟದ್ದು ಕೊನೆಗೆ ಅತ್ತೆ, ಅದೂ ತಮಗೇ ತಿಳಿಯದೆ. ನಾನು ಮೊಬೈಲ್ ಮನೆಯಲ್ಲೇ ಮರೆತು ಸುಲ್ತಾನ್ ಬತ್ತೇರಿಗೆ ಹೋಗಿದ್ದೆ. ಬಂದೂಕಿನವನ ಫೋನ್ ಬಂದಿದೆ. ಅವನು ಎಚ್.ಡಿ. ಕೋಟೆ ಕಡೆ ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆದವನು, ಅಲ್ಲಿ ಕಲಿತ ಕನ್ನಡದ ಮೇಲೆ ಭಾರಿ ಹೆಮ್ಮೆ. "ಅಮ್ಮಾ, ನಿಮ್ಮ ಜಾಗದ ಹಂದಿಗೆ ಏನು ಮಾಡ್ಬೇಕು?" ಎಂದು ಕೇಳಿದ್ದಾನೆ. ಅತ್ತೆಗೆ ಕಿವಿ ಮಂದ. ಜಾಗದ ಹೆಸರು ಕೇಳುತ್ತಿದ್ದಾನೆಂದುಕೊಂಡು ಜೋರಾಗಿ "ಹಂದಿಕೊಲ್ಲಿ!" ಎಂದಿದ್ದಾರೆ. ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆಯೂ ಕೂಗಿದ್ದಾರೆ. ಇದಕ್ಕಿಂತ ಸ್ಪಷ್ಟ ಕನ್ನಡ ಅವನು ಕೋಟೆಯಲ್ಲೂ ಕೇಳಿರಲಿಕ್ಕಿಲ್ಲ.

ಸಂಜೆ ಬಸ್ಸಿಳಿದು ಬಂದರೆ ಅವನು ನಮ್ಮ ಜಗಲಿಯಲ್ಲಿ ಕೂತು ಹಾಲಿಲ್ಲದ ಕಟ್ಟನ್ ಕಾಪಿ ಕುಡಿಯುತ್ತಿದ್ದಾನೆ, ಪಕ್ಕದಲ್ಲಿ ಬಂದೂಕು. ಮೊದಲು ಸಿಟ್ಟು ಬಂತು. ವಿಷಯ ತಿಳಿದ ಮೇಲೆ ಹೊಟ್ಟೆ ಹಿಡಿದು ನಕ್ಕೆ. ಅವನೂ ನಕ್ಕು, "ಹಾಗಾದ್ರೆ ಹೋಗ್ಲಾ ಚೇಚಿ, ಇರ್ಲಾ?" ಎಂದು ಎದ್ದು ನಿಂತ. ಅಂಗಳದ ತುದಿಯಲ್ಲಿ ನೆರೆಮನೆಯ ಚೇಚಿ ಆಗಲೇ ಬಂದು ನಿಂತಿದ್ದರು. ನನ್ನ ಮುಖವನ್ನೇ ನೋಡುತ್ತಿದ್ದರು. ಇರು, ನಾನೂ ಬರುತ್ತೇನೆ ಎಂದೆ.

ದಡದ ಬಂಡೆಯ ಮರೆಯಲ್ಲಿ ಕೂತೆವು. ಗಾಳಿ ಯಾವ ಕಡೆ, ಹಂದಿಗೆ ಕಣ್ಣು ಎಷ್ಟು ದೂರ ಕಾಣುತ್ತದೆ, ಮೊದಲು ಹೊರಗೆ ಬರುವುದು ಯಾವುದು ಎಂದೆಲ್ಲ ಪಿಸುಗುಟ್ಟಿ ಕೇಳಿದೆ. ಅವನು ತುಟಿಯ ಮೇಲೆ ಬೆರಳಿಟ್ಟ. ಬೆಳಕು ಇನ್ನೂ ಇರುವಾಗಲೇ ಒಂದು ದೊಡ್ಡ ಗಂಡು ಹಂದಿ ಬಿದಿರಿನಿಂದ ಹೊರಬಂದು, ತನ್ನದೇ ದಾರಿ ಎಂಬಂತೆ ಚೇಚಿಯ ಹೊಲದ ಕಡೆ ನಡೆಯಿತು. ಅವನು ನನ್ನ ಕಡೆ ನೋಡಿದ. ನಾನು ಹೂಂ ಎಂದು ತಲೆಯಾಡಿಸಿದೆ.

ಒಂದೇ ಗುಂಡು. ಅದು ಕಪ್ಪದ ಸಾಲಿನ ನಡುವೆ ಬಿತ್ತು. ನನಗೆ ಅಳು ಬಂತು. ಅದರ ಹೆಜ್ಜೆಯನ್ನು ದಿನಾ ನೋಡಿದವಳು ನಾನು. ಹಾಗೆಯೇ ಚೇಚಿಯ ಬೆಳೆ ಉಳಿಯಿತಲ್ಲ ಎಂಬ ಖುಷಿಯೂ ಆಯಿತು, ಅದನ್ನೇಕೆ ಮುಚ್ಚಿಡಲಿ.

ಕಾನೂನಿನಂತೆ ಮಾಂಸ ಯಾರೂ ಮುಟ್ಟುವಂತಿಲ್ಲ, ಸೀಮೆಎಣ್ಣೆ ಸುರಿದು ಹೂಳಬೇಕು. ಎಲ್ಲಿ ಎಂಬ ಮಾತು ಬಂತು. ಕೊಲ್ಲಿಯಲ್ಲಿ ಹೂತರೆ ನೀರು ಕೆಡುತ್ತದೆ. ಎಣ್ಣೆ ಬಿದ್ದ ಕಡೆ ಬಹಳ ದಿನ ಏನೂ ಬೆಳೆಯುವುದಿಲ್ಲ ಎಂದು ಎಲ್ಲರಿಗೂ ಗೊತ್ತು.

"ಇಲ್ಲೇ ಹೂಳಿ," ಎಂದರು ಚೇಚಿ. "ತಿಂದಿದ್ದೆಲ್ಲ ನನ್ನ ಕಪ್ಪ ಅಲ್ವಾ, ನನ್ನ ಮಣ್ಣಲ್ಲೇ ಇರ್ಲಿ."

ಆ ಗುಂಡಿಯ ಮಣ್ಣು ಇಳಿಯುವ ಮೊದಲೇ ಬೇರೆ ಹಂದಿಗಳು ಬಂದವು. ಹೊಲದಲ್ಲಿ ಉಳಿದಿದ್ದ ಕಪ್ಪವೂ ಹೋಯಿತು. ಒಂದು ಬೆಳಿಗ್ಗೆ ಚೇಚಿ ಕಪ್ಪದ ಕಡ್ಡಿಗಳ ಕಟ್ಟೊಂದನ್ನು ತಲೆಯ ಮೇಲೆ ಹೊತ್ತು ತಂದು ನಮ್ಮ ಜಗಲಿಯಲ್ಲಿ ಇಳಿಸಿದರು.

"ನಿನ್ನ ಆ ಯೋಜನೆ ಸಾರ್ ಮತ್ತೆ ಯಾವಾಗ ಬರ್ತಾರೆ? ನನ್ನ ಹೊಲವನ್ನೂ ಬಿಟ್ಟುಬಿಡ್ತೀನಿ ಅಂತ ಹೇಳಬೇಕಿತ್ತು."

ಕಡ್ಡಿಗಳನ್ನು ನೋಡಿದೆ.

"ನೆಡೋಕೆ ಅಂತ ಎತ್ತಿಟ್ಟಿದ್ದೆ. ಎಸೆಯೋಕೆ ಮನಸ್ಸು ಬರ್ಲಿಲ್ಲ ಮೋಳೇ, ನೀನೇ ಏನಾದ್ರೂ ಮಾಡು."

ಅಕ್ಕಪಕ್ಕದವರೆಲ್ಲ ಜಾಗ ಬಿಟ್ಟರೆ ಎಷ್ಟು ಚೆನ್ನ ಎಂದು ಕನಸು ಕಂಡವಳು ನಾನೇ. ಹೀಗೆ ಬಿಡುವುದು ನನಗೆ ಬೇಕಿರಲಿಲ್ಲ. ಹಳೆಯ ಗೊಬ್ಬರದ ಚೀಲಗಳಿಗೆ ಮಣ್ಣು ತುಂಬಿ, ಮನೆಯ ಗೋಡೆಗೆ ಒತ್ತಿದಂತೆ ಅಂಗಳದಲ್ಲಿ ಸಾಲಾಗಿಟ್ಟು ಕಡ್ಡಿ ನೆಟ್ಟೆ. ಮನೆಗೆ ಇಷ್ಟು ಹತ್ತಿರ ಹಂದಿ ಬರುವುದಿಲ್ಲ.

ಚೇಚಿಯ ಹೊಲದಲ್ಲಿ ಈಗ ಹುಲ್ಲು ಆಳೆತ್ತರ ಬಂದಿದೆ. ಏನೇನು ಬಂದಿದೆ ಎಂದು ನೋಡಲು ನಾನು ಹೋಗುತ್ತೇನೆ, ಅವರು ಆ ಕಡೆ ಕಾಲಿಡುವುದಿಲ್ಲ. ಬೆಳಿಗ್ಗೆ ನೇರ ನಮ್ಮ ಅಂಗಳಕ್ಕೆ ಬಂದು, ಚೀಲದ ಮಣ್ಣನ್ನು ಬೆರಳಲ್ಲಿ ಒತ್ತಿ ನೋಡಿ, ನೀರು ಜಾಸ್ತಿ ಹಾಕಿದ್ದೀ ಎಂದು ನನ್ನನ್ನು ಬೈಯುತ್ತಾರೆ.