ಇಲ್ಲಿ ಯಾರೂ ಇಲ್ಲ

ಸಂಶಯ ಹೀರಾಳ ಹುಟ್ಟುಗುಣ. ಅಂಕೋಲೆಯ ಪೇಟೆಯಲ್ಲಿ ಇಪ್ಪತ್ತು ವರ್ಷ ಬಂಗಡೆ ಮಾರಿದವಳು. ತಾಜಾ ಇದೆಯೇ ಎಂದು ಕಿವಿರು ಎತ್ತಿ ನೋಡದೆ ಒಂದು ಮೀನನ್ನೂ ಬುಟ್ಟಿಗೆ ಹಾಕಿಕೊಂಡವಳಲ್ಲ. ಮನುಷ್ಯರಿಗೆ ಕಿವಿರಿಲ್ಲವಲ್ಲ ಎಂಬುದೇ ಅವಳ ದೊಡ್ಡ ಕೊರಗು. ಇಂಥವಳನ್ನು ಕರೆತಂದು ಮಹಿಳಾ ಆಸರೆ ಕೇಂದ್ರದ ಬಾಗಿಲು ಕಾಯಲು ಕೂರಿಸಿದವರು ಅದನ್ನು ನಡೆಸುತ್ತಿದ್ದ ಚೈತ್ರಾ ಅಕ್ಕೋರು. ಗಂಡನ ಹೊಡೆತ ತಾಳಲಾರದೆ ಬಂದ ಹೆಂಗಸರಿಗೆ ಅಲ್ಲಿ ಊಟ, ಮಲಗಲು ಜಾಗ, ವಕೀಲರ ಸಲಹೆ, ಎಲ್ಲವೂ ಸರ್ಕಾರದ ಅನುದಾನದಲ್ಲಿ. ಹೀರಾಳಿಗಿದ್ದ ಕಟ್ಟಪ್ಪಣೆ ಒಂದೇ: ಯಾವ ಗಂಡಸು ಬಂದು ಕೇಳಿದರೂ ಒಳಗೆ ಯಾರೂ ಇಲ್ಲ ಎನ್ನಬೇಕು.

ಆ ಕೆಲಸದಲ್ಲಿ ಅವಳೇನು ಕಡಿಮೆಯೇ! ಕರೆಂಟು ಮೀಟರ್ ನೋಡುವವನ ಸೋಗಿನಲ್ಲಿ ಬಂದ ಗಂಡನೊಬ್ಬನನ್ನು ಅವನ ಚಪ್ಪಲಿ ನೋಡಿಯೇ ಹಿಡಿದಿದ್ದಳು. ದೇವರ ಪ್ರಸಾದ ಹಿಡಿದು ಬಂದ ಅತ್ತೆಯೊಬ್ಬಳನ್ನು ಅಂಗಳದಿಂದಲೇ ಓಡಿಸಿದ್ದಳು.

ಎರಡು ಸಾವಿರದ ಎಂಟನೇ ಇಸವಿ, ಡಿಸೆಂಬರಿನ ಒಂದು ಮಧ್ಯಾಹ್ನ. ಪ್ಯಾಂಟು ಶರ್ಟಿನ ಗಂಡಸೊಬ್ಬರು ಬಂದು, ತಾವು ಕಾರವಾರದಿಂದ ತಪಾಸಣೆಗೆ ಬಂದ ಅಧಿಕಾರಿ, ಒಳಗೆ ಎಷ್ಟು ಜನ ಇದ್ದಾರೆ ಎಂದು ಕೇಳಿದರು. ಅಧಿಕಾರಿಯಂತೆ! ಅಧಿಕಾರಿಗಳು ಈ ಬಿಸಿಲಲ್ಲಿ ನಡೆದು ಬರುತ್ತಾರೆಯೇ? ಓಣಿಯಲ್ಲಿ ಜಾಗವಿಲ್ಲದೆ ಜೀಪು ದೊಡ್ಡ ರಸ್ತೆಯಲ್ಲೇ ನಿಂತಿದೆ ಎಂಬುದು ಅವಳಿಗೇನು ಗೊತ್ತು.

"ಇಲ್ಲಿ ಯಾರೂ ಇಲ್ಲ."

"ಮೊದಲಾದರೂ ಯಾರಾದರೂ ಬಂದಿದ್ದರಾ?"

"ಯಾರೂ ಬರೂದಿಲ್ಲ. ನಾ ಒಬ್ಳೇ ನೊಣ ಹೊಡೀತಾ ಕೂತ್ಕಂಡಿರ್ತೆ."

ಅಡುಗೆಮನೆಯಲ್ಲಿ ಐದು ಜನ ಹೆಂಗಸರು ಉಸಿರು ಬಿಗಿಹಿಡಿದು ನಿಂತಿದ್ದರು. ಆತ ಏನೋ ಬರೆದುಕೊಂಡು ಹೋದರು. ಹೀರಾ ಒಳಗೆ ಬಂದಾಗ ಮೀಸೆ ತಿರುವುವುದೊಂದು ಬಾಕಿ.

ಹದಿನೈದು ದಿನಕ್ಕೆ ಕಾಗದ ಬಂತು. ಫಲಾನುಭವಿಗಳೇ ಇಲ್ಲವೆಂದು ಸಿಬ್ಬಂದಿಯೇ ಒಪ್ಪಿರುವುದರಿಂದ ಮಾರ್ಚ್ ನಂತರ ಅನುದಾನ ನಿಲ್ಲಿಸಬೇಕು ಎಂದು ಶಿಫಾರಸಾಗಿತ್ತು. ಚೈತ್ರಾ ಬೈದಿದ್ದರೂ ಆಗುತ್ತಿತ್ತು, ಅವರು ಬೈಯಲಿಲ್ಲ. ರಾಮನಗುಳಿಯಿಂದ ಬಂದಿದ್ದ ಗಂಗಾಳ ಕೈಯ ಪ್ಲಾಸ್ಟರ್ ಇನ್ನೂ ಬಿಚ್ಚಿರಲಿಲ್ಲ. ಮಂಜಗುಣಿಯ ದೇವಿಯನ್ನು ತವರಿನವರು ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಕೇಂದ್ರ ಮುಚ್ಚಿದರೆ ಇವರೆಲ್ಲ ಅದೇ ಗಂಡಂದಿರ ಮನೆಗೇ ಹೋಗಬೇಕು. ತನ್ನ ಬಾಯಿಂದಲೇ ಹೀಗಾಯಿತಲ್ಲ ಎಂದು ಹೀರಾಳಿಗೆ ಎರಡು ದಿನ ಅನ್ನ ಸೇರಲಿಲ್ಲ.

ಮೂರನೇ ದಿನ ಇಬ್ಬರೂ ರಿಜಿಸ್ಟರ್ ಹಿಡಿದು ಕಾರವಾರದ ಬಸ್ಸು ಹತ್ತಿದರು. ಅವತ್ತು ತಪಾಸಣೆಗೆ ಬಂದಿದ್ದ ಸಾಹೇಬರು ಹೀರಾಳನ್ನು ಕಂಡೊಡನೆ ನಕ್ಕರು.

"ಅವತ್ತು ಹೇಳಿದ್ದು ಸುಳ್ಳಾ, ಇವತ್ತು ತಂದದ್ದು ಸುಳ್ಳಾ? ನೀವು ಮೊದಲು ಕಳಿಸಿದ ಪಟ್ಟಿಯನ್ನೂ ನೋಡಿಸಿದೆ. ಈ ಹೆಸರಿನ ಹೆಂಗಸರು ಯಾವ ರೇಷನ್ ಕಾರ್ಡಿನಲ್ಲೂ ಇಲ್ಲ."

"ಅದು ತವರಿನ ಹೆಸ್ರು, ಸಾಯ್ಬರೇ," ಎಂದಳು ಹೀರಾ. ಅವಳ ಕಡೆಯ ಕೊಂಕಣಿ ಮನೆಗಳಲ್ಲಿ ಮದುವೆಯ ದಿನ ಮದುಮಗ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ಅಲ್ಲಿಂದ ಮುಂದೆ ಕಾರ್ಡು, ಓಟು ಎಲ್ಲ ಆ ಹೆಸರಿಗೆ. ಸುಲಭವಾಗಿ ಯಾರಿಗೂ ಗುರುತು ಸಿಗದಿರಲೆಂದು ರಿಜಿಸ್ಟರಿನಲ್ಲಿ ಹಳೆಯ ಹೆಸರನ್ನೇ ಬರೆಸಬೇಕೆಂದು ಹಟ ಹಿಡಿದವಳು ಹೀರಾಳೇ.

"ಹಾಗಾದರೆ ಗಂಡನ ಮನೆಯ ಹೆಸರು, ವಿಳಾಸ ಬರೆದು ಕೊಡಿ. ಶಿಫಾರಸು ಹಿಂದಕ್ಕೆ ತಗೊಳ್ಳುತ್ತೇನೆ."

"ಕೊಡೂದಿಲ್ಲ. ಆ ಕಾಗ್ದ ಎಷ್ಟು ಮೇಜು ದಾಟ್ತದೆ, ಯಾರ್ಯಾರು ಓದ್ತ್ರು, ಯಾರಿಗ್ಗೊತ್ತು?"

"ನಿನ್ನ ಸಂಶಯದಿಂದಲೇ ಇಷ್ಟಾದದ್ದು, ಹೀರಾ," ಎಂದು ಚೈತ್ರಾ ಸೋತ ದನಿಯಲ್ಲಿ ಪೆನ್ನು ತೆಗೆದರು.

ಆಗಲೇ ಜೀಪಿನ ಡ್ರೈವರ್ ರೂಪೇಶ ಕೀಲಿ ಇಡಲು ಒಳಗೆ ಬಂದ. ಮೇಜಿನ ಮೇಲೆ ರಿಜಿಸ್ಟರ್ ತೆರೆದೇ ಇತ್ತು. ಅವನ ಬೆರಳು ತಾನಾಗಿಯೇ ಹೆಸರುಗಳ ಮೇಲೆ ಇಳಿಯತೊಡಗಿತು.

"ಅಂಕೋಲೆಯ ಕೇಂದ್ರದ್ದಾ, ಸಾಯ್ಬರೇ? ನಮ್ಮನೆ ಪ್ರೀತಿ ಇದ್ರಲ್ಲಿ ಇಲ್ವಲ? ಆ ಬದಿಗೇ ಹೋಗೀದು ಅಂತ ಸುದ್ದಿ. ಎಲ್ಲಿದ್ದು ಅಂತ ಒಂದ್ಸಲ ಗೊತ್ತಾದ್ರೆ ಸಾಕು, ಮುಂದಿಂದು ನಾ ನೋಡ್ಕಣ್ತೆ."

ಅವನ ಬೆರಳು 'ದೇವಿ' ಎಂಬ ಹೆಸರನ್ನು ದಾಟಿ ಹೋಗಿತ್ತು. ದೇವಿಗೆ ಪ್ರೀತಿ ಎಂದು ಅಕ್ಕಿಯಲ್ಲಿ ಬರೆದ ಗಂಡ ಇವನೇ. ಅವಳ ಹಳೆಯ ಹೆಸರನ್ನು ಮಾರಾಯ ಪೂರಾ ಮರೆತುಬಿಟ್ಟಿದ್ದ.

ಹೀರಾ ಮುಖದಲ್ಲಿ ಏನೂ ಬಿಟ್ಟುಕೊಡಲಿಲ್ಲ. "ಇಲ್ಲಪಾ. ಅಂಥವ್ರು ಅಲ್ಲಿ ಯಾರೂ ಇಲ್ಲ."

ಸಾಹೇಬರು ಅವಳನ್ನು ನೋಡಿದರು. ರೂಪೇಶನನ್ನು ನೋಡಿದರು. ಎರಡು ವರ್ಷದಿಂದ ತಮ್ಮ ಜೀಪು ಓಡಿಸುತ್ತಿದ್ದವನು. ಅವನನ್ನು ಚಹಾ ತರಲು ಕಳಿಸಿ, ಎದ್ದು ಬಾಗಿಲು ಹಾಕಿ ಬಂದರು.

"ಇವನ ಹೆಂಡತಿ ನಿಮ್ಮಲ್ಲೇ ಇದ್ದಾಳಾ?" ಎಂದು ಮೆಲ್ಲಗೆ ಕೇಳಿದರು.

ಹೀರಾ ಬಾಯಿ ಬಿಡಲಿಲ್ಲ. ಇವರನ್ನೂ ಅವಳೇನು ನಂಬಿದ್ದಳೇ? ಸಾಹೇಬರು ರಿಜಿಸ್ಟರ್ ಮುಚ್ಚಿ ಅವಳ ಕೈಗೇ ಕೊಟ್ಟರು. ಗಂಡನ ಮನೆಯ ಹೆಸರು, ವಿಳಾಸ ಕೇಳತಕ್ಕದ್ದಲ್ಲ, ಅನುದಾನ ಮುಂದುವರಿಸಬಹುದು ಎಂದು ಕಡತದಲ್ಲಿ ಸ್ವಂತ ಕೈಯಿಂದ ಬರೆದು ಸಹಿ ಹಾಕಿದರು.

ಬಸ್ಸಿನಲ್ಲಿ ಚೈತ್ರಾ ಅತ್ತೇಬಿಟ್ಟರು, ಖುಷಿಗೆ. ಹೀರಾ ಮಾತ್ರ ದಾರಿಯ ಅವರ್ಸಾ ಊರು ದಾಟುವವರೆಗೂ ಹಿಂದಿನ ಕಿಟಕಿಯಲ್ಲಿ ಜೀಪು ಹುಡುಕಿದಳು. ಮರೆತ ಹೆಸರು ಅವನಿಗೆ ಯಾವ ಗಳಿಗೆಯಲ್ಲಾದರೂ ನೆನಪಾಗಬಹುದಿತ್ತು.

ಕೇಂದ್ರಕ್ಕೆ ಬಂದವಳೇ ದೇವಿಯನ್ನು ಪಕ್ಕಕ್ಕೆ ಕರೆದು ನಡೆದದ್ದೆಲ್ಲ ಹೇಳಿದಳು. ನಾಳೆಯೇ ಬೇರೆ ಊರಿನ ಕೇಂದ್ರಕ್ಕೆ ಕಳಿಸುತ್ತೇವೆ, ಹೆದರಬೇಡ ಎಂದಳು. ದೇವಿ ತಲೆ ತಗ್ಗಿಸಿ ಕೇಳಿಸಿಕೊಂಡಳು. ಅವಳ ಹುಬ್ಬಿನ ಮೇಲಿನ ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು.

"ಅಂವ ಸೊರಗಿದ್ನಾ, ಹೀರಕ್ಕ?" ಎಂದಳು ಕಡೆಗೆ. "ಹೊತ್ತಿಗೆ ಸರಿಯಾಗಿ ಉಣ್ತ್ನಾ ಇಲ್ವಾ ಏನ."

ಹೀರಾಳ ಮೈಯೆಲ್ಲ ಉರಿಯಿತು. ಅದರ ಹಿಂದೆಯೇ ಅಳು ಬಂತು. ಹೋಗಿ ಬಾಗಿಲಿಗೆ ಬೀಗ ಹಾಕಿದಳು. ದಿನವೂ ಒಳಗಿನವರ ಕೈಗೆಟುಕುವ ಮೊಳೆಗೆ ತೂಗುಹಾಕುತ್ತಿದ್ದ ಕೀಲಿಯನ್ನು ಆ ದಿನ ಸೆರಗಿಗೆ ಗಂಟು ಹಾಕಿಕೊಂಡಳು.